ಜಿಂಕೆಗೆ ಯಾವ ಗುಂಡು? ನಾಲ್ಕು ತಿಂಗಳು, ಐದು ಥರದ ಡಬ್ಬಿ, ಒಂದೇ ಈಡು

ಕಳೆದ ವಾರ ನನ್ನ ಮೊದಲ ಜಿಂಕೆ ಶಿಕಾರಿ ಮುಗಿಯಿತು. ಹೊಡೆದದ್ದು ಒಂದೇ ಈಡು. ಆ ಒಂದು ಈಡಿಗೆ ಸರಿಯಾದ ಗುಂಡು ಯಾವುದು ಅಂತ ಗೊತ್ತು ಮಾಡಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ಸುಮ್ನೆ ದಂಡ. ನನ್ನದೇ ತಪ್ಪು. ಇದೇ ದಾರಿಯಲ್ಲಿ ಹೊರಟವರು ಅಷ್ಟು ಸುತ್ತಬೇಕಾಗಿಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ನಾನು ಹೇಳುತ್ತಿರುವುದು ಬೇಟೆಗೆ ಸರ್ಕಾರವೇ ಋತು ಗೊತ್ತು ಮಾಡಿ ಪರ್ಮಿಟ್ ಕೊಡುವ ಕಡೆಯ ಕಥೆ.

ಬೇಟೆಗಾರರ ತರಗತಿ ಮುಗಿಸಿ, ಪರೀಕ್ಷೆ ಬರೆದು, ಕೋವಿಯ ಕಾಗದಪತ್ರ ಮಾಡಿಸಿ, ಕೊನೆಗೆ ಕೈಗೆ ಬಂದದ್ದು .308 ವಿಂಚೆಸ್ಟರ್ ರೈಫಲ್. ನನ್ನನ್ನು ಈ ಹುಚ್ಚಿಗೆ ಎಳೆದ ಗೆಳೆಯನೇ ಅದನ್ನು ಆರಿಸಿಕೊಟ್ಟ. .308 ಅನ್ನುವುದು ತೋಟಾದ ಅಳತೆ, 1952ರಲ್ಲಿ ಬಂದದ್ದು. ಜಿಂಕೆಗೆ ಸಾಕಷ್ಟಾಯಿತು, ತೋಟಾ ಎಲ್ಲ ಕಡೆ ಸಿಗುತ್ತದೆ ಅಂದ. ಕೋವಿ ಆಯ್ತಲ್ಲ, ಇನ್ನೇನು, ಒಂದು ಡಬ್ಬಿ ತೋಟಾ ತಂದರೆ ಮುಗೀತು ಅಂದುಕೊಂಡೆ. ಅಂಗಡಿಯ ಕಪಾಟಿನ ಮುಂದೆ ನಿಂತಾಗ ತಲೆ ತಿರುಗಿತು. ಒಂದೇ .308ಕ್ಕೆ ಇಪ್ಪತ್ತೈದು ಥರದ ಡಬ್ಬಿ! 150, 165, 168, 178, 180. ಸಾಫ್ಟ್ ಪಾಯಿಂಟ್, ಬಾಂಡೆಡ್, ಪಾಲಿಮರ್ ತುದಿ, ತಾಮ್ರ, ಗುರಿ ಸ್ಪರ್ಧೆಯ ಮ್ಯಾಚ್.

ಗುಂಡು ಬೇರೆ, ತೋಟಾ ಬೇರೆ ಅನ್ನುವುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ತೋಟಾ ಅಂದರೆ ಇಡೀ ಜೋಡಣೆ: ಹಿತ್ತಾಳೆಯ ಕೊಳವೆ, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಕಚ್ಚಿ ಕೂತ ಗುಂಡು. ಜಿಂಕೆಯವರೆಗೆ ಹೋಗುವುದು ಆ ತುದಿಯ ಚೂರು ಮಾತ್ರ. ಡಬ್ಬಿಯ ಮೇಲಿನ 150, 165 ಎಲ್ಲ ಆ ಚೂರಿನ ತೂಕ, ಗ್ರೇನ್ ಲೆಕ್ಕದಲ್ಲಿ. ನಾನು ಅದನ್ನು ಒಳಗಿರುವ ಮದ್ದಿನ ಅಳತೆ ಅಂದುಕೊಂಡಿದ್ದೆ! ಗ್ರೇನ್ ಅಂದರೆ ಕಾಳು. ಅಕ್ಕಸಾಲಿಗರ ಗುಲಗಂಜಿ ಇದ್ದ ಹಾಗೆ ಇದೂ ಕಾಳಿನಿಂದ ಹುಟ್ಟಿದ ತೂಕ. ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಏಳು ಸಾವಿರ ಗ್ರೇನ್ ಸೇರಿದರೆ ಒಂದು ಪೌಂಡು. 150 ಗ್ರೇನ್ ಅಂದರೆ 9.7 ಗ್ರಾಂ, 180 ಅಂದರೆ 11.7 ಗ್ರಾಂ. ಈ ಎರಡು ಗ್ರಾಂ ವ್ಯತ್ಯಾಸಕ್ಕೆ ಇಷ್ಟೊಂದು ಡಬ್ಬಿಯಾ ಅಂತ ಆಗ ನಗು ಬಂದಿತ್ತು.

ಭಾರ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ 180 ಗ್ರೇನ್ ಸಾಫ್ಟ್ ಪಾಯಿಂಟ್, ಅಂದರೆ ತುದಿಯಲ್ಲಿ ಮೆತ್ತನೆಯ ಸೀಸ ತೆರೆದಿರುವ ಗುಂಡು, ತಂದೆ. ನಳಿಗೆಯ ಮೇಲೆ ಕೊರೆದದ್ದೂ ಡಬ್ಬಿಯ ಮೇಲೆ ಬರೆದದ್ದೂ ಒಂದೇ ಇದೆಯಾ ಅಂತ ಮಾತ್ರ ಎರಡು ಸಲ ನೋಡಿಕೊಂಡೆ. ಇದನ್ನು ನೀವೂ ಮಾಡಿ. ಸೇನೆಯ 7.62×51 ತೋಟಾ .308ರ ಹಾಗೇ ಕಾಣುತ್ತದೆ, ಆದರೆ ಎರಡರ ಅಳತೆಯೂ ಒತ್ತಡವೂ ಪೂರ್ತಿ ಒಂದೇ ಅಲ್ಲ. ಅದೂ ಅಲ್ಲದೆ ಸೇನೆಯ ಗುಂಡಿಗೆ ತುದಿಯವರೆಗೂ ಕವಚ ಮುಚ್ಚಿರುತ್ತದೆ. ಅಂಥದ್ದು ಮೈಯೊಳಗೆ ಅಗಲವಾಗಿ ಅರಳುವುದಿಲ್ಲ, ಸೂಜಿ ಚುಚ್ಚಿದ ಹಾಗೆ ಆಚೆ ಹೋಗುತ್ತದೆ. ಪ್ರಾಣಿ ಗಾಯ ಹೊತ್ತು ದೂರ ಓಡಿ ನರಳುತ್ತದೆ. ಬಹಳ ಕಡೆ ಬೇಟೆಗೆ ಅದನ್ನು ಬಳಸುವಂತೆಯೇ ಇಲ್ಲ.

ರೇಂಜಿನಲ್ಲಿ ಮೊದಲ ದಿನ. ನೂರು ಮೀಟರ್, ಮೇಜಿನ ಮೇಲೆ ಮರಳ ಚೀಲ, ಮೂರು ಮೂರು ಈಡು. ಕಾಗದ ನೋಡಿದರೆ ತೂತುಗಳು ಒಂಬತ್ತು ಸೆಂಟಿಮೀಟರ್ ಹರಡಿದ್ದವು. ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಸರಿಯಿಲ್ಲ ಅಂದೆ. ಗುಂಡು ಸರಿಯಿಲ್ಲ ಅಂದೆ. ಗೆಳೆಯ ಏನೂ ಹೇಳಲಿಲ್ಲ. ಮುಂದಿನ ಸಲ ಮ್ಯಾಗಜಿನ್ ತಾನೇ ತುಂಬಿಸಿಕೊಟ್ಟ. ಮೊದಲ ಈಡು ಹಾರಿತು. ಬೋಲ್ಟ್ ಎಳೆದು ಎರಡನೆಯದಕ್ಕೆ ಟ್ರಿಗರ್ ಒತ್ತಿದೆ. ‘ಟಕ್’ ಅಂತ ಸದ್ದು, ಅಷ್ಟೇ. ನಡುವೆ ಒಂದು ಡಮ್ಮಿ ತೋಟಾ, ಮದ್ದಿಲ್ಲದ್ದು, ಸೇರಿಸಿದ್ದ. ಸದ್ದೇ ಇಲ್ಲದ ಆ ಈಡಿಗೆ ನನ್ನ ನಳಿಗೆ ಒಂದು ಗೇಣು ಕೆಳಗೆ ಕುಸಿದಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಹೆಗಲು ಮೊದಲೇ ಮುದುಡಿಕೊಂಡಿತ್ತು.

“ಗುಂಡಿಂದಲ್ಲ ಮಾರಾಯ ತಪ್ಪು, ನೀನು ಹೆದರ್ತಾ ಇದ್ದೀಯ,” ಅಂದ.

ನಾಚಿಕೆಯಾಯಿತು. ಆದರೆ ಅಷ್ಟು ಉಪಯೋಗದ ಪಾಠ ಆಮೇಲೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಒಂದೇ ಕೋವಿಯಲ್ಲಿ ಗುಂಡಿನ ತೂಕ ಏರಿದರೆ ಸಾಮಾನ್ಯವಾಗಿ ಹಿಂದಕ್ಕೆ ಒದೆಯುವುದೂ ಏರುತ್ತದೆ. ಜಿಂಕೆಗೆ ಆ ಹೆಚ್ಚಿನ ಭಾರ ಬೇಕಾಗಿಯೇ ಇಲ್ಲ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಇಪ್ಪತ್ತು ಸೆಂಟಿಮೀಟರ್ ಅಗಲ, ಒಂದು ಊಟದ ತಟ್ಟೆಗಿಂತ ಚಿಕ್ಕದು. ಅಲ್ಲಿಗೆ ಬಿದ್ದ 150 ಗ್ರೇನ್ ಕೆಲಸ ಮುಗಿಸುತ್ತದೆ. ಹೊಟ್ಟೆಗೆ ಬಿದ್ದ 180 ಗ್ರೇನ್ ಮುಗಿಸುವುದಿಲ್ಲ. ಹೊಸಬರು ಯಾರಾದರೂ ಕೇಳಿದರೆ ನಾನು ಈಗ ಗುಂಡಿನ ಹೆಸರು ಹೇಳುವ ಮೊದಲು ಡಮ್ಮಿ ತೋಟಾ ತಗೊಳ್ಳಿ ಅನ್ನುತ್ತೇನೆ.

ಹಾಗೆ 150ಕ್ಕೆ ಇಳಿದೆ. ಈ ಸಲ ಪಾಲಿಮರ್ ತುದಿಯದ್ದು, ಕೆಂಪು ಮೂಗಿನ ಚೆಂದದ ಗುಂಡು. ಸಾಫ್ಟ್ ಪಾಯಿಂಟಿನ ಸೀಸದ ಮೂಗು ಮ್ಯಾಗಜಿನ್ ಒಳಗೆ ಗುದ್ದಿಸಿಕೊಂಡು ಚಪ್ಪಟೆಯಾಗುತ್ತದೆ, ಇದಕ್ಕೆ ಆ ಕಾಟವಿಲ್ಲ. ಗಾಳಿಯನ್ನೂ ಚೆನ್ನಾಗಿ ಸೀಳುತ್ತದೆ. ಮೂರು ವಾರ ಡಮ್ಮಿ ಸೇರಿಸಿಕೊಂಡು ಅಭ್ಯಾಸ ಮಾಡಿದ ಮೇಲೆ ಮೂರು ಈಡು ಮೂರು ಸೆಂಟಿಮೀಟರಿನೊಳಗೆ ಕೂತವು. ಕುಣಿಯುವುದೊಂದು ಬಾಕಿ.

ಗೆಳೆಯ ತಣ್ಣೀರು ಎರಚಿದ. “ಕಾಗದಕ್ಕೆ ತೂತು ಮಾಡೋದು ಸರಿ. ಒಳಗೆ ಹೋಗಿ ಏನಾಗುತ್ತೆ ನೋಡಿದ್ಯಾ?”

ನೋಡುವ ದಾರಿ ಸುಲಭ, ಆದರೆ ಕೊಳಕು. ಹಳೆಯ ಪೇಪರಿನ ಕಟ್ಟುಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಸಾಲಾಗಿ ಒತ್ತಿ ಕಟ್ಟಿ, ರೇಂಜಿನವರ ಒಪ್ಪಿಗೆ ಪಡೆದು ಮಣ್ಣಿನ ದಿಬ್ಬದ ಮುಂದಿಟ್ಟು ಹೊಡೆಯುವುದು. ಇದು ಮಾಂಸವೂ ಅಲ್ಲ, ಮೂಳೆಯೂ ಅಲ್ಲ, ನಿಜ. ಆದರೆ ಎರಡು ಗುಂಡನ್ನು ಹೋಲಿಸಿ ನೋಡುವುದಕ್ಕೆ ಸಾಕು. ಐವತ್ತು ಮೀಟರಿನಿಂದ ಹೊಡೆದೆವು. ಮುದ್ದೆಯಾದ ಪೇಪರನ್ನು ಬೆರಳಲ್ಲಿ ಬಗೆಯುತ್ತಾ ಹೋದರೆ ಮೊದಲ ಒಂದು ಗೇಣಿನೊಳಗೇ ಸೀಸದ ಪುಡಿ ಶುರುವಾಯಿತು. ಸಾಸಿವೆ ಕಾಳಿನಷ್ಟು, ರವೆಯಷ್ಟು. ತಾಮ್ರದ ಕವಚ ಸುಲಿದ ಸಿಪ್ಪೆಯ ಹಾಗೆ ಒಂದು ಕಡೆ, ಒಳಗಿನ ಸೀಸದ ತಿರುಳು ಇನ್ನೊಂದು ಕಡೆ. ಉಳಿದ ದೊಡ್ಡ ಚೂರನ್ನು ತೂಗಿದರೆ ಐದು ಗ್ರಾಂ ಕೂಡ ಇರಲಿಲ್ಲ. ಹೊರಟದ್ದು 9.7 ಗ್ರಾಂ!

ಇದು ಕೆಟ್ಟ ಗುಂಡು ಅಂತಲ್ಲ. ಪಕ್ಕೆಲುಬಿನ ನಡುವೆ ಹೋದರೆ ಜಿಂಕೆ ನಿಂತಲ್ಲೇ ಬೀಳಬಹುದು. ಆದರೆ ಹತ್ತಿರದಿಂದ, ಪೂರ್ತಿ ವೇಗದಲ್ಲಿ, ಹೆಗಲ ಮೂಳೆಗೆ ಬಡಿದರೆ ಮೇಲುಮೇಲೆಯೇ ಒಡೆದು ಹೋಗಬಹುದು. ಮಾಂಸವೂ ಹಾಳು. ಈ ತೊಂದರೆ ಹಳೆಯದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಅನ್ನುವವರಿಗೆ ಒಂದು ದೊಡ್ಡ ಮೂಸ್ (ಭಾರಿ ಗಾತ್ರದ ಜಿಂಕೆ ಜಾತಿ) ಹೀಗೇ ಕೈಕೊಟ್ಟಿತು. ಹೊಡೆದ ಗುಂಡು ಒಳಕ್ಕೆ ಇಳಿಯಲಿಲ್ಲ. ಅವರು ಮನೆಗೆ ಹೋಗಿ ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅರಳಿ ಒಡೆದರೂ ಹಿಂದಿನ ಅರ್ಧ ಮುಂದೆ ನುಗ್ಗಬೇಕು ಅನ್ನುವ ಲೆಕ್ಕ. ಅದೇ ಪಾರ್ಟಿಷನ್ ಗುಂಡು, ಈಗಲೂ ಸಿಗುತ್ತದೆ. ಬಾಂಡೆಡ್ ಅನ್ನುವುದು ಇನ್ನೊಂದು ಉಪಾಯ. ಅದರಲ್ಲಿ ಸೀಸವನ್ನೂ ಕವಚವನ್ನೂ ಬೆಸೆದುಬಿಡುತ್ತಾರೆ, ಸಿಪ್ಪೆ ಸುಲಿಯುವುದಿಲ್ಲ.

ನಾನು 165 ಗ್ರೇನ್ ಬಾಂಡೆಡ್ ತಂದೆ. ನಾಲ್ಕು ಸೆಂಟಿಮೀಟರ್ ಹರಡುತ್ತಿತ್ತು. ಜಿಂಕೆಗೆ ಧಾರಾಳ. ನೆನೆದ ಪೇಪರಿನಲ್ಲಿ ಅಣಬೆಯ ಹಾಗೆ ಅರಳಿ, ಮುಕ್ಕಾಲಿಗಿಂತ ಜಾಸ್ತಿ ತೂಕ ಉಳಿಸಿಕೊಂಡು, ಹಿಂದಿನದಕ್ಕಿಂತ ದೂರ ಹೋಗಿ ಕೂತಿತ್ತು. ಸಿಕ್ಕಿತು ಅಂದುಕೊಂಡೆ. ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ ಅದೇ ಲಾಟಿನ ಇನ್ನೆರಡು ಡಬ್ಬಿ ತಂದಿಟ್ಟೆ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಸ್ವಲ್ಪ ಬದಲಾಗಬಹುದು. ಅದಕ್ಕೇ ಆ ಜಾಣತನ. ಅಷ್ಟೆಲ್ಲ ಜಾಣತನ ಇದ್ದವನು ನಿಯಮದ ಪುಸ್ತಕ ಓದಿರಲಿಲ್ಲ.

ನಮಗೆ ಪರ್ಮಿಟ್ ಸಿಗುವುದು ಚೀಟಿ ಎತ್ತಿ. ಅರ್ಜಿ ಹಾಕಿ ಆರು ವಾರ ಕಾಯಬೇಕು. ದಿನಕ್ಕೆ ಎರಡು ಸಲ ಮೇಲ್ ನೋಡುತ್ತಿದ್ದೆ. ಕೊನೆಗೆ ಬಂತು. ನಾನು ಹಾಕಿದ್ದ ಎರಡನೇ ಆಯ್ಕೆಯ ಪ್ರದೇಶ ಸಿಕ್ಕಿತ್ತು. ಖುಷಿಯಲ್ಲಿ ಮೊದಲ ಪುಟ ಗೆಳೆಯನಿಗೆ ಕಳಿಸಿದೆ. ಎರಡನೇ ಪುಟವನ್ನು ರಾತ್ರಿ ಊಟ ಆದಮೇಲೆ ಓದಿದೆ. ಕೆಳಗಡೆ, ಚಿಕ್ಕ ಅಕ್ಷರದಲ್ಲಿ: ಈ ಪ್ರದೇಶದಲ್ಲಿ ಸೀಸ ಇಲ್ಲದ ಗುಂಡು ಮಾತ್ರ.

ಮೂರು ಡಬ್ಬಿ ಮೇಜಿನ ಮೇಲೆ ನನ್ನನ್ನೇ ನೋಡುತ್ತಿದ್ದವು.

ಮರುದಿನ ಕಚೇರಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಬಾಂಡೆಡ್ ಗುಂಡು ಒಡೆಯುವುದಿಲ್ಲವಲ್ಲ, ಅದಕ್ಕೆ ವಿನಾಯಿತಿ ಇದೆಯಾ ಅಂತ ಕೇಳಿದೆ. ಇಲ್ಲ. ಅಷ್ಟೇ ಅಲ್ಲ, ಬೇಟೆಯ ಹೊತ್ತಲ್ಲಿ ಸೀಸದ ತೋಟಾ ಜೇಬಿನಲ್ಲಿ ಸಿಕ್ಕರೂ ದಂಡ ಅಂದರು. ಕೋಪ ಬಂತು. ಆದರೆ ಯಾರ ಮೇಲೆ? ಪುಸ್ತಕದಲ್ಲಿ ಮೊದಲಿಂದಲೂ ಬರೆದಿತ್ತು.

ಆಮೇಲೆ ಯಾಕೆ ಹೀಗೆ ಅಂತ ಓದಿದೆ. ನನ್ನ ಪೇಪರಿನ ಮುದ್ದೆಯಲ್ಲಿ ಸಿಕ್ಕಿತಲ್ಲ ಆ ರವೆ, ಅದೇ ಕಾರಣ. ಬೇಟೆಗಾರ ಕಾಡಿನಲ್ಲೇ ಬಿಟ್ಟುಬಂದ ಕರುಳು, ಹೊಟ್ಟೆಯ ಭಾಗವನ್ನು ಹದ್ದು, ರಣಹದ್ದುಗಳು ತಿನ್ನುತ್ತವೆ. ಜೊತೆಗೆ ಸೀಸದ ಪುಡಿಯೂ ಹೋಗಿ ವಿಷವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ಅನ್ನುವ ದೊಡ್ಡ ರಣಹದ್ದುಗಳು ಹೀಗೇ ಸಾಯುತ್ತಿದ್ದವು. ಅಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸ ಬಂದ್. ಡೆನ್ಮಾರ್ಕಿನಲ್ಲಿ 2024ರಿಂದ ರೈಫಲ್ ಗುಂಡಿಗೂ ಅದೇ ನಿಯಮ. ಮನುಷ್ಯರೂ ಅದೇ ಮಾಂಸ ತಿನ್ನುವವರಲ್ವಾ? ಗಾಯದಿಂದ ದೂರದ ಮಾಂಸದಲ್ಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು ಇರಬಹುದು. ಅದನ್ನು ಓದಿದ ಮೇಲೆ ಕೋಪ ಇಳಿಯಿತು. ದುಡ್ಡು ಹೋದ ಸಂಕಟ ಮಾತ್ರ ಇಳಿಯಲಿಲ್ಲ.

ಹಾಗಾಗಿ ದಯವಿಟ್ಟು ಮೊದಲು ನಿಯಮ ಓದಿ, ಆಮೇಲೆ ಅಂಗಡಿಗೆ ಹೋಗಿ. ಸೀಸ ಒಂದೇ ಅಲ್ಲ, ಗುಂಡಿನ ಅಳತೆ, ಬಲದ ಮೇಲೂ ನಿಯಮ ಇರುತ್ತದೆ. ಜರ್ಮನಿಯಲ್ಲಿ ಚಿಕ್ಕ ಜಾತಿಯ ರೋ ಜಿಂಕೆಗೆ ನೂರು ಮೀಟರಿನಲ್ಲಿ ಗುಂಡಿಗೆ 1000 ಜೂಲ್ ಶಕ್ತಿ ಇದ್ದರೆ ಸಾಕು. ದೊಡ್ಡ ಜಿಂಕೆಗಾದರೆ ಕನಿಷ್ಠ 6.5 ಮಿ.ಮೀ. ಅಳತೆಯ ಗುಂಡು, ನೂರು ಮೀಟರಿನಲ್ಲಿ 2000 ಜೂಲ್ ಬೇಕು. .308ಕ್ಕೆ ಅದು ಸಲೀಸು. ಎಲ್ಲ ಕೋವಿಗೂ ಅಲ್ಲ.

ತಾಮ್ರದ ಗುಂಡು ಹುಡುಕಲು ಹೊರಟರೆ ಅಂಗಡಿಯ ಕಪಾಟು ಖಾಲಿ. ನನ್ನ ಹಾಗೇ ಎರಡನೇ ಪುಟ ತಡವಾಗಿ ಓದಿದವರು ಬೇಕಾದಷ್ಟು ಜನ ಇದ್ದರು ಅಂತ ಕಾಣುತ್ತದೆ. ಹೆಸರು ಬರೆಸಿ ಮೂರು ವಾರ ಕಾದೆ. ಋತು ಶುರುವಾಗಲು ಐದೇ ವಾರ ಉಳಿದಿತ್ತು. ಬೆಲೆ ಸಾಮಾನ್ಯ ಸಾಫ್ಟ್ ಪಾಯಿಂಟಿನ ಎರಡು ಪಟ್ಟು ಹತ್ತಿರ. ಇಪ್ಪತ್ತೇ ತೋಟಾದ ಡಬ್ಬಿ.

ಇಲ್ಲೂ ಒಂದು ಎಡವಟ್ಟು ಮಾಡಿದೆ. ಸೀಸದಲ್ಲಿ 165 ಚೆನ್ನಾಗಿತ್ತು, ತಾಮ್ರದಲ್ಲೂ 165 ತಗೊಂಡರಾಯಿತು ಅಂದುಕೊಂಡೆ. ಎಂಟು ಸೆಂಟಿಮೀಟರ್ ಹರಡಿತು! ಈ ಸಲ ನಾನು ಹೆದರುತ್ತಿರಲಿಲ್ಲ, ಡಮ್ಮಿ ಇಟ್ಟು ನೋಡಿದ್ದೆ. ಆಗಿದ್ದು ಏನಿರಬಹುದು ಅಂದರೆ, ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ, ತಾಮ್ರ 8.9 ಮಾತ್ರ. ಅಷ್ಟೇ ತೂಕ ಬರಬೇಕಾದರೆ ತಾಮ್ರದ ಗುಂಡು ಉದ್ದ ಆಗಲೇಬೇಕು. ಉದ್ದದ ಗುಂಡು ಬುಗುರಿಯ ಹಾಗೆ ನೆಟ್ಟಗೆ ತಿರುಗುತ್ತಾ ಹೋಗಬೇಕಾದರೆ ನಳಿಗೆಯೊಳಗಿನ ಸುರುಳಿ ಬಿಗಿ ಇರಬೇಕು. .308 ಕೋವಿಗಳಲ್ಲಿ ಹತ್ತು ಇಂಚಿಗೆ ಒಂದು ಸುತ್ತಿನವೂ ಇವೆ, ಹನ್ನೆರಡು ಇಂಚಿಗೆ ಒಂದು ಸುತ್ತಿನವೂ ಇವೆ. ನನ್ನದು ಹನ್ನೆರಡರದ್ದು. ಅದಕ್ಕೇ ತಾಮ್ರಕ್ಕೆ ಹೋಗುವಾಗ ತೂಕ ಒಂದು ಮೆಟ್ಟಿಲು ಇಳಿಸಿ ಅನ್ನುವುದು. ತಾಮ್ರ ಒಡೆದು ಚೂರಾಗುವುದಿಲ್ಲವಾದ್ದರಿಂದ ಕಡಿಮೆ ತೂಕದಲ್ಲೂ ಆಳಕ್ಕೆ ಹೋಗುತ್ತದೆ.

ಇನ್ನೊಂದು ಕಾರಣವೂ ಇದ್ದಿರಬಹುದು. ಹಳೆಯ ಗುಂಡುಗಳ ಕಲೆ ನಳಿಗೆಯೊಳಗೆ ಹಾಗೇ ಇತ್ತು. ನಳಿಗೆಯನ್ನು ತಾಮ್ರದ ಕಲೆ ತೆಗೆಯುವ ದ್ರಾವಣ ಹಾಕಿ ಉಜ್ಜಿದೆ. ಬಟ್ಟೆಯ ತುಂಡು ನೀಲಿ ಬಣ್ಣಕ್ಕೆ ತಿರುಗಿ ತಿರುಗಿ ಬರುತ್ತಿತ್ತು. ಅದು ಬಿಳಿಯಾಗಿ ಹೊರಬರುವ ಹೊತ್ತಿಗೆ ಕೈ ಸೋತಿತ್ತು. ಬೇರೆ ತಯಾರಕರ 150 ಗ್ರೇನ್ ತಾಮ್ರದ ಗುಂಡು ಹಾಕಿದೆ. ಮೊದಲ ಎರಡು ಈಡು ಎಲ್ಲೆಲ್ಲೋ ಹೋದವು. ಆಮೇಲಿನ ಮೂರು ಎರಡೂವರೆ ಸೆಂಟಿಮೀಟರಿನೊಳಗೆ. ಗೆಳೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮಡಿಚಿ ನನ್ನ ಜೇಬಿಗೆ ತುರುಕಿದ.

ಈ ಮೂರೂ ತೂತು ಹಳೆಯ ಗುರಿಗಿಂತ ಐದು ಸೆಂಟಿಮೀಟರ್ ಕೆಳಗಿದ್ದವು. ಗುಂಡು ಬದಲಾದರೆ ಸ್ಕೋಪ್ ಮತ್ತೆ ಹೊಂದಿಸಲೇಬೇಕು. ನನ್ನ ಸ್ಕೋಪಿನಲ್ಲಿ ಒಂದು ಕ್ಲಿಕ್‌ಗೆ ನೂರು ಮೀಟರಿನಲ್ಲಿ ಸುಮಾರು 7 ಮಿ.ಮೀ. ಸರಿಯುತ್ತದೆ. ಏಳು ಕ್ಲಿಕ್ ಮೇಲೆ. ಮತ್ತೆ ಮೂರು ಈಡು. ಆಮೇಲೆ ಕೋವಿಯನ್ನು ಪೂರ್ತಿ ತಣ್ಣಗಾಗಲು ಬಿಟ್ಟು ಒಂದೇ ಒಂದು ಈಡು. ಈ ಕೊನೆಯದನ್ನು ಬಿಡಬೇಡಿ. ಕಾಡಿನಲ್ಲಿ ಹೊಡೆಯುವುದು ತಣ್ಣನೆಯ ನಳಿಗೆಯಿಂದಲೇ. ನನ್ನದು ಒಂದು ಸೆಂಟಿಮೀಟರ್ ಬಲಕ್ಕೆ ಬಿತ್ತು. ಡಬ್ಬಿಯ ಮೇಲೆ ಬರೆದಿಟ್ಟೆ.

ಮತ್ತೆ ಪೇಪರ್ ನೆನೆಹಾಕಿದೆ. ಮನೆಯವಳು “ಇನ್ನೂ ಮುಗೀಲಿಲ್ವೇನ್ರೀ ಇದು?” ಅಂದಳು. ಈ ಸಲ ಸೀಸದ ಗುಂಡು ನಿಂತ ಜಾಗ ದಾಟಿ ಇನ್ನೂ ಎರಡು ಕಟ್ಟು ಬಗೆಯಬೇಕಾಯಿತು. ಕೊನೆಗೆ ಸಿಕ್ಕಿದ್ದನ್ನು ಅಂಗೈಲಿಟ್ಟು ನೋಡಿದರೆ, ನಾಲ್ಕು ಎಸಳು ಹಿಂದಕ್ಕೆ ಮಡಿಚಿಕೊಂಡ ಹೂವಿನ ಹಾಗೆ ಇತ್ತು. ಎಸಳಿನ ಅಂಚು ಬ್ಲೇಡಿನಷ್ಟು ಚೂಪು. ನಡುವೆ ಪೇಪರಿನ ನಾರು ಸಿಕ್ಕಿಕೊಂಡಿತ್ತು. ತೂಗಿದರೆ 9.6 ಗ್ರಾಂ. ಕಳೆದುಕೊಂಡದ್ದು ಏನೂ ಇಲ್ಲ ಅನ್ನಬಹುದು.

ತಾಮ್ರಕ್ಕೂ ಒಂದು ಕೊರತೆ ಇದೆ, ಅದನ್ನು ಮುಚ್ಚಿಡಬಾರದು. ಆ ಎಸಳು ಅರಳಲು ವೇಗ ಬೇಕು. ಸೀಸದ ಗುಂಡು ಸೆಕೆಂಡಿಗೆ 550 ಮೀಟರ್ ವೇಗದಲ್ಲೂ ಅರಳೀತು, ತಾಮ್ರಕ್ಕೆ ಸಾಮಾನ್ಯವಾಗಿ 600ರ ಮೇಲೆ ಇರಲಿ ಅನ್ನುತ್ತಾರೆ. ನನ್ನ ತೋಟಾ ಹೊರಡುವುದು 860ರಲ್ಲಿ. ಇನ್ನೂರು ಮೀಟರಿನಲ್ಲೂ 700ರ ಮೇಲೆಯೇ ಇರುತ್ತದೆ, ಚಿಂತೆಯಿಲ್ಲ. ನಾನೂರು, ಐನೂರು ಮೀಟರಿಗೆ ಹೊಡೆಯುವ ಆಸೆ ಇದ್ದವರು ಲೆಕ್ಕ ಹಾಕಿ ನೋಡಲಿ. ನನಗಂತೂ ಆ ಆಸೆ ಇರಲಿಲ್ಲ. ಮೇಜು ಬಿಟ್ಟು, ಮಂಡಿಯೂರಿ ಕೂತು ಹೊಡೆದಾಗ ಊಟದ ತಟ್ಟೆಯೊಳಗೆ ಪ್ರತಿ ಸಲವೂ ಬೀಳುತ್ತಿದ್ದದ್ದು 150 ಮೀಟರಿನವರೆಗೆ ಮಾತ್ರ. ನೂರು ಮೀಟರಿಗೆ ಹೊಂದಿಸಿದ ಕೋವಿಯಲ್ಲಿ ಇನ್ನೂರಕ್ಕೆ ಗುಂಡು ಹತ್ತು ಹನ್ನೆರಡು ಸೆಂಟಿಮೀಟರ್ ಇಳಿಯುತ್ತದೆ ಅನ್ನುವುದೆಲ್ಲ ಬಾಯಿಪಾಠ ಮಾಡಿದ್ದೆ. ಬೇಕಾಗಲಿಲ್ಲ.

ಬೇಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ದಿನ ಏನೂ ಕಾಣಲಿಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ಗಂಡು ಜಿಂಕೆ ಮರಗಳ ಅಂಚಿನಿಂದ ಹೊರಬಂತು. ನೂರಹತ್ತು ಮೀಟರ್. ಮೊದಲು ಎದುರಾಗಿ ನಿಂತಿತ್ತು, ಹೊಡೆಯಲಿಲ್ಲ. ಐದಾರು ನಿಮಿಷ ಕಾದೆ, ಎದೆ ಬಡಿತ ಸ್ಕೋಪಿನ ಗೆರೆಯಲ್ಲಿ ಕಾಣುತ್ತಿತ್ತು. ಅಡ್ಡಲಾಗಿ ತಿರುಗಿತು. ಅದರ ಹಿಂದೆ ಮಣ್ಣಿನ ಏರು ಇತ್ತು. ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿಯಿಟ್ಟೆ. ಟ್ರಿಗರ್ ಒತ್ತಿದ್ದು ನೆನಪಿದೆ, ಕೋವಿ ಒದ್ದದ್ದು ನೆನಪಿಲ್ಲ.

ಬೀಳಲಿಲ್ಲ! ಓಡಿತು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಗೆಳೆಯ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಅರ್ಧ ಗಂಟೆ ಅಲ್ಲಾಡಬೇಡ ಅಂದ. ಬೆನ್ನಟ್ಟಿದರೆ ಗಾಯಗೊಂಡ ಪ್ರಾಣಿ ಇನ್ನೂ ದೂರ ಓಡುತ್ತದೆ. ಆ ಅರ್ಧ ಗಂಟೆ ಆರು ವಾರದ ಪರ್ಮಿಟ್ಟಿಗಿಂತ ಉದ್ದ ಇತ್ತು. ಹೋಗಿ ನೋಡಿದರೆ ನಿಂತಿದ್ದ ಜಾಗದಿಂದಲೇ ಎರಡೂ ಬದಿಗೆ ರಕ್ತದ ದಾರಿ. ಆಚೆ ಬದಿಯಲ್ಲೂ ತೂತಾಗಿತ್ತು ಅಂತ ಅರ್ಥ. ಎಣಿಸಿದೆ, ನಲವತ್ತೆರಡು ಹೆಜ್ಜೆ. ಅಲ್ಲಿ ಮಲಗಿತ್ತು, ಉಸಿರು ನಿಂತಿತ್ತು. ಖುಷಿಯಾ, ದುಃಖವಾ ಅಂತ ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ. ಕೈ ನಡುಗುತ್ತಿತ್ತು, ಅಷ್ಟು ಗೊತ್ತು. ಹೆಗಲಿನ ಮಾಂಸ ಒಂದು ಹಿಡಿಯೂ ಹಾಳಾಗಿರಲಿಲ್ಲ. ಗುಂಡು ಸಿಗಲಿಲ್ಲ, ಆ ಏರಿನ ಮಣ್ಣಲ್ಲೆಲ್ಲೋ ಹೂತುಹೋಗಿದೆ.

ಈಗ ಮನೆಯಲ್ಲಿ ಏಳು ತಾಮ್ರದ ತೋಟಾ ಉಳಿದಿವೆ. ಸೀಸಕ್ಕೆ ಅಡ್ಡಿಯಿಲ್ಲದ ಪ್ರದೇಶದ ಪರ್ಮಿಟ್ ಗೆಳೆಯನ ಹತ್ತಿರ ಇದೆ. 165ರ ಆ ಎರಡು ತೆರೆಯದ ಡಬ್ಬಿಗಳನ್ನು ಅವನು ಅರ್ಧ ಬೆಲೆಗೆ ಕೇಳಿದ. ಕೊಟ್ಟೆ. 180ರದ್ದು ಬೇಕಾ ಅಂದೆ. “ಅಯ್ಯೋ ಬೇಡ ಮಾರಾಯ, ಹೆಗಲು ನೋಯುತ್ತೆ,” ಅಂದ.